ರೋಮನ್ನರು ಹೊರಟುಹೋದ ವರ್ಷ

ನಾನು ಚರಿತ್ರೆಯ ಮೇಡಂ ಆದದ್ದು ಚರಿತ್ರೆಯ ಮೇಲಿನ ಪ್ರೀತಿಯಿಂದಲ್ಲ. ಮೈಸೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಬಿ.ಎ. ಓದುವಾಗ ಚರಿತ್ರೆಯ ತರಗತಿಗಳು ಬೆಳಗಿನ ಹೊತ್ತು ನಡೆಯುತ್ತಿದ್ದವು. ಮಧ್ಯಾಹ್ನ ಚಿಕ್ಕಮ್ಮನ ಕೈಕೂಸನ್ನು ನೋಡಿಕೊಳ್ಳಲು ನಾನು ಬೇಕಿತ್ತು. ಹಾಗಾಗಿ ಚರಿತ್ರೆ ತೆಗೆದುಕೊಂಡೆ. ಪಾಸು ಮಾಡಿ ಊರಿಗೆ ಬಂದಾಗ ಶಿವಮೊಗ್ಗದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಒಂದು ಜಾಗ ಖಾಲಿ ಇತ್ತು. ಅದೂ ಚರಿತ್ರೆಯದೇ ಆಗಿತ್ತು.

ನಮ್ಮದು ಶಿವಮೊಗ್ಗದ ಪಕ್ಕದ ನವುಲೆಯ ಒಕ್ಕಲು ಮನೆ. ಕೆಲಸ ಸಿಕ್ಕ ದಿನ ಅಪ್ಪಯ್ಯ ಕಣದಿಂದ ಬಂದು ಕಾಲು ತೊಳೆಯುತ್ತಾ ಕೇಳಿದರು.

"ಅಲ್ಲಿ ಏನು ಹೇಳ್ಕೊಡ್ಬೇಕು ನೀನು?"

"ಇಂಗ್ಲೆಂಡಿನ ಚರಿತ್ರೆ ಅಪ್ಪಯ್ಯ. ಅವರ ಹಳೇ ಕಾಲದ ರಾಜರ ಕಥೆ."

"ಅವರ ರಾಜರ ಕಥೆ ಇಲ್ಲಿ ನೀನು ಹೇಳ್ತೀಯ. ಸರಿ. ನಮ್ಮ ರಾಜರ ಕಥೆ ಅವರೂರಲ್ಲಿ ಯಾರು ಹೇಳ್ತಾರೆ?"

ಅಂಥ ಜಾಗ ಖಾಲಿ ಇದ್ದದ್ದನ್ನು ನಾನು ಎಲ್ಲೂ ಓದಿರಲಿಲ್ಲ.

ನಾಲ್ಕನೇ ಫಾರಂನ, ಅಂದರೆ ಹೈಸ್ಕೂಲಿನ ಮೊದಲ ವರ್ಷದ ಹುಡುಗಿಯರಿಗೆ ಗೊತ್ತುಮಾಡಿದ್ದ ಪುಸ್ತಕ ಬ್ರಿಟನ್ನರಿಂದ ಶುರುವಾಗುತ್ತಿತ್ತು. ಇಂಗ್ಲಿಷಿನವರು ಬರುವುದಕ್ಕೂ ಮುಂಚೆ ಇಂಗ್ಲೆಂಡಿನಲ್ಲಿ ಇದ್ದವರು ಅವರು. ಮೊದಲ ಚಿತ್ರದಲ್ಲೇ ಮೈಗೆಲ್ಲ ನೀಲಿ ಬಳಿದುಕೊಂಡ ಒಬ್ಬ ಬ್ರಿಟನ್ನ ಈಟಿ ಹಿಡಿದು ನಿಂತಿದ್ದ. ಹುಡುಗಿಯರು ಅವನನ್ನು ಬಹಳ ಹೊತ್ತು ನೋಡಿದರು.

"ಮಿಸ್, ಬಿಳೀ ಬಟ್ಟೆಗೆ ಹಾಕ್ತೀವಲ್ಲ, ಅದೇ ನೀಲೀನಾ?"

"ಅಲ್ಲ. ಗಿಡದಿಂದ ತೆಗೆದ ನೀಲಿ. ಯುದ್ಧಕ್ಕೆ ಹೋಗುವಾಗ ಬಳ್ಕೊತಿದ್ರು."

"ಬಟ್ಟೆ ಹಾಕ್ಕೊಂಡು ಹೋಗ್ಬಹುದಿತ್ತಲ್ಲ ಮಿಸ್?"

ಮುಂದಿನ ಪಾಠದಲ್ಲಿ ರೋಮನ್ನರು ಬಂದರು. ಅವರು ಬಟ್ಟೆ ಹಾಕಿಕೊಂಡು, ಮೇಲೆ ಕವಚವನ್ನೂ ತೊಟ್ಟು ಬಂದಿದ್ದರು. ಆದ್ದರಿಂದ ಗೆದ್ದರು. ನೇರವಾದ ರಸ್ತೆಗಳನ್ನು ಮಾಡಿದರು, ಬಿಸಿನೀರಿನ ಸ್ನಾನದ ಮನೆಗಳನ್ನು ಕಟ್ಟಿದರು, ಉತ್ತರದಲ್ಲಿ ಗುಡ್ಡದಿಂದ ಗುಡ್ಡಕ್ಕೆ ಒಂದು ಉದ್ದದ ಗೋಡೆ ಹಾಕಿಸಿದರು. ರೋಮನ್ನರು ಬರುವವರೆಗೂ ಬ್ರಿಟನ್ನರ ಮನೆಗಳಲ್ಲಿ ಹಂಡೆ ಇರಲಿಲ್ಲವೇ ಎಂದು ಒಬ್ಬಳು ಕೇಳಿದಳು. ಪುಸ್ತಕದಲ್ಲಿ ಅದನ್ನು ಹೇಳಿಲ್ಲ ಎಂದೆ. ಪುಸ್ತಕದ ಬಗ್ಗೆ ಅವಳಿಗಿದ್ದ ಗೌರವ ಸ್ವಲ್ಪ ಕಡಿಮೆಯಾಯಿತು.

ಆ ವರ್ಷ ಮೇಲಿನಿಂದ ಒಂದು ಸುತ್ತೋಲೆ ಬಂದಿತ್ತು. ವಾರಕ್ಕೊಂದು ಪೀರಿಯಡ್ಡು ಸ್ಥಳೀಯ ಚರಿತ್ರೆಯನ್ನೂ ಹೇಳಿಕೊಡಬೇಕು ಎಂದು. ಅದಕ್ಕೆ ಪುಸ್ತಕವಿರಲಿಲ್ಲ. ನಮ್ಮ ಹೆಡ್‌ಮಿಸ್ಟ್ರೆಸ್ ಮೈಸೂರಿನ ಕಡೆಯವರು. ಎಂಥ ಸೆಕೆಯಲ್ಲೂ ತೋಳು ತುಂಬ ರವಿಕೆ ತೊಟ್ಟು, ಮುಖದ ಮೇಲೆ ಒಂದು ಗೆರೆಯೂ ಅಲ್ಲಾಡದಂತೆ ಮಾತಾಡುವವರು. ಅವರು ನನ್ನನ್ನು ಕರೆದು, "ನೀವು ಈ ಊರಿನೋರೇ ಅಲ್ವೇ? ನಿಮಗೆ ಗೊತ್ತಿರುತ್ತೆ," ಎಂದರು. ನನಗೆ ಗೊತ್ತಿದ್ದದ್ದು ನವುಲೆಯಿಂದ ಪೇಟೆಗೆ ಬರುವ ದಾರಿ ಅಷ್ಟೆ. ಆದ್ದರಿಂದ ಆ ಪೀರಿಯಡ್ಡಿನಲ್ಲಿ ಹುಡುಗಿಯರನ್ನು ಸಾಲಾಗಿ ನಡೆಸಿಕೊಂಡು ಕೋಟೆಯ ಕಡೆಗೆ ಹೋಗುತ್ತಿದ್ದೆ. ತುಂಗೆಯ ದಡದ ಹಳೇ ಅರಮನೆಯ ಮರದ ಕಂಬಗಳ ಕೆಳಗೆ ಕೂತು, ಗಂಡ ಸತ್ತ ಮೇಲೆ ಇಪ್ಪತ್ತು ವರ್ಷಕ್ಕೂ ಮೀರಿ ರಾಜ್ಯವಾಳಿದ ಕೆಳದಿಯ ರಾಣಿಯ ಕಥೆ ಹೇಳಿದೆ. ಅದಕ್ಕೆ ಹಿಂದಿನ ದಿನವಷ್ಟೇ ತರಗತಿಯಲ್ಲಿ ಬ್ರಿಟನ್ನರ ರಾಣಿಯೊಬ್ಬಳ ಪಾಠವಾಗಿತ್ತು. ಅವಳಿಗೂ ಗಂಡ ಸತ್ತಿದ್ದ. ರೋಮನ್ನರು ಅವಳ ರಾಜ್ಯ ಕಿತ್ತುಕೊಂಡು ಚಾವಟಿಯಲ್ಲಿ ಹೊಡೆಸಿದ್ದರು. ಅವಳು ರಥ ಏರಿ ಬಂದು ಲಂಡನ್ನಿಗೆ ಬೆಂಕಿ ಇಟ್ಟಿದ್ದಳು.

"ಎರಡೂ ಕಡೆ ಗಂಡ ಸತ್ತ ಮೇಲೇ ಹೆಸರು ಬಂದಿರೋದು," ಎಂದು ಮುಂದಿನ ಸಾಲಿನ ಒಬ್ಬಳು ಹೇಳಿದಳು. ಉಳಿದವರು ಹೌದೆಂದು ತಲೆಯಾಡಿಸಿದರು. ಹಾಗೆ ಹೇಳಿದವಳು ಊರಿನ ಪೊಲೀಸ್ ಅಧಿಕಾರಿಯೊಬ್ಬರ ಮಗಳು. ಎರಡು ಜಡೆ, ದಪ್ಪ ಹುಬ್ಬು. ಅನುಮಾನ ಬಂದರೆ ಕೈ ಎತ್ತದೆ ಸೀದಾ ಎದ್ದು ನಿಂತುಬಿಡುತ್ತಿದ್ದಳು.

ಅದು ನಲವತ್ತೆರಡರ ಆಗಸ್ಟು. ಬೀದಿಯಲ್ಲಿ ಹುಡುಗರು ಮೆರವಣಿಗೆ ಹೊರಟಿದ್ದರು. ಬ್ರಿಟಿಷರೇ ಬಿಟ್ಟು ತೊಲಗಿ ಎಂಬ ಕೂಗು ನಮ್ಮ ತರಗತಿಯವರೆಗೂ ಕೇಳುತ್ತಿತ್ತು. ಹೆಡ್‌ಮಿಸ್ಟ್ರೆಸ್ ಗೇಟಿಗೆ ಬೀಗ ಹಾಕಿಸಿ, ಪಾಠಗಳು ವೇಳಾಪಟ್ಟಿಯ ಪ್ರಕಾರ ನಡೆಯತಕ್ಕದ್ದು ಎಂದರು. ವೇಳಾಪಟ್ಟಿಯ ಪ್ರಕಾರ ಆ ವಾರ ರೋಮನ್ನರು ಬ್ರಿಟನ್ ಬಿಟ್ಟು ಹೋಗಬೇಕಿತ್ತು.

ನಾನು ಪುಸ್ತಕದಲ್ಲಿದ್ದಂತೆಯೇ ಹೇಳಿದೆ. ಸುಮಾರು ನಾನ್ನೂರು ವರ್ಷ ಆಳಿದರು. ಆಮೇಲೆ ಅವರ ದೇಶದಲ್ಲೇ ಯುದ್ಧ ಜೋರಾಯಿತು. ದಂಡನ್ನೆಲ್ಲ ವಾಪಸು ಕರೆಸಿಕೊಂಡರು. ಇನ್ನು ಮುಂದೆ ನಿಮ್ಮ ರಕ್ಷಣೆ ನೀವೇ ನೋಡಿಕೊಳ್ಳಿ ಎಂದು ಚಕ್ರವರ್ತಿ ಬ್ರಿಟನ್ನರಿಗೆ ಹೇಳಿ ಕಳಿಸಿದ.

ಅಧಿಕಾರಿಯ ಮಗಳು ಎದ್ದು ನಿಂತಳು. "ಯಾರಾದ್ರೂ ಹೋಗಿ ಅಂತ ಹೇಳಿದ್ರಾ ಮಿಸ್?"

"ಹಾಗೇನೂ ಬರೆದಿಲ್ಲ."

"ಅಂದ್ರೆ ತಾವಾಗೇ ಹೋದ್ರಾ?"

"ಹೌದು."

"ರಸ್ತೆ?"

"ರಸ್ತೆ ಬಿಟ್ಟು ಹೋದ್ರು."

ಅವಳು ಕೂತಳು. ಆಮೇಲೆ ಹಿಂದಿನ ಬೆಂಚಿನಿಂದ ಒಂದು ಚಪ್ಪಾಳೆ ಬಂತು. ಮತ್ತೊಂದು ಬಂತು. ನೋಡನೋಡುತ್ತಿದ್ದಂತೆ ಇಡೀ ತರಗತಿ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿತು. ಪಾಠಕ್ಕೆ ಚಪ್ಪಾಳೆ ಸಿಕ್ಕಿದ್ದು ಅದೇ ಮೊದಲು. ಸದ್ದು ಹೊರಗೆ ಹೋಗದಿದ್ದರೆ ಸಾಕಪ್ಪಾ ಎಂದೂ ಅನ್ನಿಸುತ್ತಿತ್ತು. ಹೆಡ್‌ಮಿಸ್ಟ್ರೆಸ್ ಬಾಗಿಲಲ್ಲಿ ಬಂದು ನಿಂತರು.

"ಏನಿದು ಗದ್ದಲ?"

"ರೋಮನ್ನರು ಹೋದರು ಮೇಡಂ."

"ಎಲ್ಲಿಗೆ?"

"ರೋಮಿಗೆ."

"ಹೋಗಲಿ," ಎಂದರು ಅವರು. "ಹೋಗೋರು ಸದ್ದಿಲ್ಲದೆ ಹೋಗಲಿ."

ಮಾರನೆಯ ದಿನ ನಾನು ಸ್ಕೂಲಿಗೆ ಬರುವಾಗ ಕಾಂಪೌಂಡಿನ ಹೊರಗೆ ಜನ ಸೇರಿದ್ದರು. ಸುಣ್ಣ ಬಳಿದ ಗೋಡೆಯ ಮೇಲೆ ಇದ್ದಿಲಿನಿಂದ ಆಳೆತ್ತರದ ಅಕ್ಷರಗಳಲ್ಲಿ, 'ರೋಮನ್ನರೇ, ಬ್ರಿಟನ್ ಬಿಟ್ಟು ತೊಲಗಿ' ಎಂದು ಬರೆದಿತ್ತು. ಒಬ್ಬ ಪೇದೆ ಅದರ ಮುಂದೆ ನಿಂತು ಮೂರನೆಯ ಸಲವೋ ನಾಲ್ಕನೆಯ ಸಲವೋ ಓದುತ್ತಿದ್ದ. ಪೇಟೆಯ ಗೋಡೆಗಳ ಮೇಲೆಲ್ಲ ಆ ವಾರ ಬರಹಗಳಿದ್ದವು. ಯಾವುದನ್ನು ಅಳಿಸಬೇಕು, ಯಾರನ್ನು ಹಿಡಿಯಬೇಕು ಎಂಬುದು ಅವನಿಗೆ ಗೊತ್ತಿತ್ತು. ಇದು ಮಾತ್ರ ಅವನ ಲೆಕ್ಕಕ್ಕೆ ಸಿಗಲಿಲ್ಲ. ಕೊನೆಗೆ ಯಾವುದಕ್ಕೂ ಇರಲಿ ಎಂದು ಮೇಲಿನವರಿಗೆ ವರದಿ ಮಾಡಿದ.

ಮಧ್ಯಾಹ್ನ ಅಧಿಕಾರಿಯೇ ಬಂದರು. ಎತ್ತರದ ಆಳು, ಒಂದು ವಾರದಿಂದ ನಿದ್ದೆಯಿಲ್ಲದ ಕಣ್ಣು. ಹೆಡ್‌ಮಿಸ್ಟ್ರೆಸ್ ಕೋಣೆಯಲ್ಲಿ ಕೂತು ನನ್ನನ್ನು ಕರೆಸಿದರು. ಸೀಮೆಸುಣ್ಣ ಕೈಯಲ್ಲಿ ಹಿಡಿದುಕೊಂಡೇ ಹೋದೆ.

"ಏನಮ್ಮಾ, ಈ ರೋಮನ್ನರು ಅಂದ್ರೆ ಯಾರು?"

"ಹಿಂದೆ ಇಂಗ್ಲೆಂಡನ್ನ ಆಳಿದವರು ಸಾರ್."

"ಯಾವಾಗ?"

"ಸಾವಿರದೈನೂರು ವರ್ಷದ ಹಿಂದೆ."

"ಈಗ ಅಲ್ಲಿ ಇದ್ದಾರೇನು?"

"ಇಲ್ಲ ಸಾರ್."

"ಮತ್ತೆ ಇಲ್ಲದೋರನ್ನ ತೊಲಗಿ ಅನ್ನೋದಕ್ಕೆ ಅರ್ಥ ಏನು?"

ನಾನು ಬಾಯಿ ತೆರೆಯುವುದರೊಳಗೆ ಹೆಡ್‌ಮಿಸ್ಟ್ರೆಸ್ ಮಾತಾಡಿದರು. "ಸಾರ್, ರೋಮ್ ಇರೋದು ಇಟಲಿಯಲ್ಲಿ. ಇಟಲಿ ಈಗ ಇಂಗ್ಲೆಂಡಿನ ಮೇಲೆ ಯುದ್ಧ ಮಾಡ್ತಿದೆ. ರೋಮನ್ನರು ಬ್ರಿಟನ್ನಿನಲ್ಲಿ ಇರಕೂಡದು ಅಂತ ನಮ್ಮ ಮಕ್ಕಳು ಬರೆದಿದ್ದಾರೆ. ಇರಬೇಕು ಅಂತ ಬರೆದಿದ್ರೆ ಅದು ಅಪರಾಧ ಆಗ್ತಿತ್ತು."

ಅಧಿಕಾರಿ ಅವರ ಮುಖ ನೋಡಿದರು. ಅಲ್ಲಿ ಓದುವಂಥದ್ದೇನೂ ಇರಲಿಲ್ಲ. ಪುಸ್ತಕ ತರಿಸಿ ಎಂದರು. ತಂದುಕೊಟ್ಟೆ. ಅಲ್ಲೇ ಕೂತು ಆ ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ನಡುವೆ ಒಂದು ಕಡೆ ಅವರ ಮುಖ ಗೆಲುವಾಯಿತು.

"ಇಲ್ಲಿ ನೋಡಿ. ರೋಮನ್ನರು ಹೋದ ಮೇಲೆ ಬ್ರಿಟನ್ನರು, ದಯಮಾಡಿ ವಾಪಸ್ ಬನ್ನಿ ಅಂತ ಕಾಗದ ಬರೆದ್ರಂತೆ. ಇದನ್ನ ಮಕ್ಕಳಿಗೆ ಹೇಳಿದ್ರಾ?"

"ಹೇಳಿದೆ ಸಾರ್."

"ಮತ್ತೆ?"

"ಉತ್ತರ ಬರಲಿಲ್ಲ," ಎಂದರು ಹೆಡ್‌ಮಿಸ್ಟ್ರೆಸ್.

ಅಧಿಕಾರಿ ಪುಸ್ತಕ ಮುಚ್ಚಿದರು. ಬರೆದವರು ಯಾರೆಂದು ಹೇಳಿದರೆ ವಿಷಯ ಇಲ್ಲಿಗೇ ಮುಗಿಯುತ್ತದೆ, ಇಲ್ಲದಿದ್ದರೆ ಹೇಳಿಕೊಟ್ಟವರ ಮೇಲೆ ಬರುತ್ತದೆ ಎಂದರು. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹಾಗೆಂದೆ. ಅವರು ನಂಬಲಿಲ್ಲ. ಅಷ್ಟರಲ್ಲಿ ಬಾಗಿಲ ಹೊರಗಿನಿಂದ, "ಒಳಗೆ ಬರ್ಲಾ ಮೇಡಂ?" ಎಂಬ ದನಿ ಕೇಳಿತು. ಎರಡು ಜಡೆಯ ಹುಡುಗಿ ಒಳಗೆ ಬಂದಳು. ಹೆಡ್‌ಮಿಸ್ಟ್ರೆಸ್ ಕಡೆಗಾಗಲಿ ನನ್ನ ಕಡೆಗಾಗಲಿ ನೋಡಲಿಲ್ಲ.

"ಅಪ್ಪಾ, ಅದನ್ನ ಬರೆದಿದ್ದು ನಾನೇ. ಮಿಸ್ ಬರೀರಿ ಅಂತ ಹೇಳಿಲ್ಲ. ನಮ್ಮನೆ ಬಚ್ಚಲೊಲೆ ಇದ್ದಿಲು."

ಅಧಿಕಾರಿ ಟೋಪಿಯನ್ನು ಒಂದು ಮೊಣಕಾಲಿನಿಂದ ತೆಗೆದು ಇನ್ನೊಂದರ ಮೇಲೆ ಇಟ್ಟುಕೊಂಡರು. ಆ ವಾರ ಅವರು ಬೇರೆಯವರ ಮಕ್ಕಳನ್ನು ಬೇಕಾದಷ್ಟು ಹಿಡಿದಿದ್ದರು. ಹುಡುಗಿ ಕಣ್ಣು ಕೆಳಗಿಳಿಸಲಿಲ್ಲ. ಅವರು ಮಾತಾಡಿದಾಗ ದನಿ ಮನೆಯ ದನಿಯಾಗಿತ್ತು.

"ಎಲ್ಲಾ ಸರಿ ಮಗಾ. ತೊಲಗಿ ಅಂತ ಯಾಕೆ ಬರೆದೆ? ಹೊರಡಿ ಅಂತ ಬರೀಬಹುದಿತ್ತಲ್ಲ."

"ಹೊರಡಿ ಅಂದ್ರೆ ಯಾರೂ ಹೊರಡಲ್ಲಪ್ಪ."

ಅವರು ಎದ್ದರು. ಸಂಜೆಯೊಳಗೆ ಗೋಡೆಗೆ ಸುಣ್ಣ ಹೊಡೆಸಿ ಎಂದು ಹೆಡ್‌ಮಿಸ್ಟ್ರೆಸ್‌ಗೆ ಹೇಳಿ, ಮಗಳ ತಲೆಯ ಮೇಲೆ ಕೈಯಿಟ್ಟಂತೆ ಮಾಡಿ, ಇಡದೆ ಹೊರಗೆ ಹೋದರು. ಹುಡುಗಿಯ ಮೇಲೆ ಯಾವ ಕ್ರಮವೂ ಆಗಲಿಲ್ಲ. ನನ್ನ ಮೇಲೂ ಆಗಲಿಲ್ಲ. ಗೊತ್ತುಮಾಡಿದ ಪುಸ್ತಕದಿಂದ, ಗೊತ್ತುಮಾಡಿದ ವಾರದಲ್ಲಿ ಗೊತ್ತುಮಾಡಿದ ಪಾಠ ಮಾಡಿದ್ದಕ್ಕೆ ಶಿಕ್ಷೆ ಕೊಡಲು ಯಾವ ನಿಯಮವೂ ಇರಲಿಲ್ಲ. ಆದ್ದರಿಂದ ನನ್ನನ್ನು ಭದ್ರಾವತಿಗೆ ವರ್ಗ ಮಾಡಿದರು.

ಅಪ್ಪಯ್ಯನಿಗೆ ಎಷ್ಟು ಹೇಳಿದರೂ ಅರ್ಥವಾಗಲಿಲ್ಲ. "ಯಾರೋ ಎಲ್ಲಿಂದಲೋ ಎದ್ದು ಹೋದ್ರೆ ನಿನ್ನ ಯಾಕೆ ಕಳಿಸ್ತಾರೆ ಮಾರಾಯ್ತಿ?" ಎಂದು ಸ್ಟೇಷನ್ನಿನವರೆಗೂ ಕೇಳುತ್ತಲೇ ಗಾಡಿ ಹೊಡೆದರು. ರೈಲು ಹೊರಡುವಾಗ ಕಿಟಕಿಯಲ್ಲಿ ಒಂದು ಚೀಲ ಅವಲಕ್ಕಿ ತುರುಕಿ, ಅಲ್ಲಿಯಾದರೂ ಯಾರನ್ನೂ ಕಳಿಸಬೇಡ ಎಂದರು.

ಭದ್ರಾವತಿಯಲ್ಲಿ ಜನ್ನಾಪುರದಲ್ಲಿ ಒಂದು ಕೋಣೆ ಹಿಡಿದೆ. ಮನೆಯ ಯಜಮಾನಿ ತಮಿಳಿನವರು. ಅವರ ಗಂಡ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸಕ್ಕಿದ್ದರು. ಒಗೆದು ಹಾಕಿದ ಸೀರೆ ಒಣಗುವಷ್ಟರಲ್ಲಿ ಅದರ ಮೇಲೆ ಸಣ್ಣಗೆ ಮಸಿ ಕೂತಿರುತ್ತಿತ್ತು. ಸ್ಕೂಲಿನಲ್ಲಿ ಹುಡುಗರೂ ಹುಡುಗಿಯರೂ ಒಂದೇ ಕೋಣೆಯಲ್ಲಿ ಕೂರುತ್ತಿದ್ದರು. ಮನೆಯಲ್ಲಿ ತಮಿಳು, ತೆಲುಗು, ಬೀದಿಯಲ್ಲಿ ಕನ್ನಡ, ಜಗಳಕ್ಕೆ ಉರ್ದು. ಅವರ ಚರಿತ್ರೆಯ ಮೇಷ್ಟ್ರು ಜೂನಿನಲ್ಲೇ ಕಾಯಿಲೆ ಬಿದ್ದು ಊರಿಗೆ ಹೋಗಿದ್ದರು. ಪಾಠ ನಿಂತಿದ್ದು ನೀಲಿ ಬಳಿದುಕೊಂಡ ಬ್ರಿಟನ್ನನ ಹತ್ತಿರ.

ಹೆಡ್‌ಮಾಸ್ಟರು ನಿವೃತ್ತಿಗೆ ಹತ್ತಿರವಾಗಿದ್ದ ಸಣಕಲು ಮನುಷ್ಯ. ನನ್ನ ಸುದ್ದಿ ನನಗಿಂತ ಮೊದಲು ಅವರಿಗೆ ತಲುಪಿತ್ತು. ಮೊದಲ ದಿನವೇ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು.

"ನೋಡಿಯಮ್ಮ, ಈ ರೋಮನ್ನರು ನಮ್ಮಲ್ಲಿ ಇನ್ನೂ ಬಂದಿಲ್ಲ."

"ಮುಂದಿನ ವಾರ ಬರ್ತಾರೆ ಸಾರ್."

"ಬರ್ಲಿ. ಬರೋದಕ್ಕೆ ನನ್ನ ಅಭ್ಯಂತರ ಇಲ್ಲ. ಆದ್ರೆ ಹೋಗೋದು ಬೇಡ."

"ಸಾರ್, ಪುಸ್ತಕದಲ್ಲಿ..."

"ಪುಸ್ತಕದಲ್ಲಿ ಹೋಗ್ಲಿ. ನಮ್ಮ ಸ್ಕೂಲಲ್ಲಿ ವರ್ಷದ ಪರೀಕ್ಷೆವರೆಗೂ ಇರ್ಲಿ. ನನಗೆ ಇನ್ನು ಸ್ವಲ್ಪ ದಿನ ಸರ್ವೀಸ್ ಉಳಿದಿದೆ ತಾಯಿ."

ಹೀಗೆ ಭದ್ರಾವತಿಯಲ್ಲಿ ರೋಮನ್ನರು ಬಂದು ನಿಂತರು. ದಸರೆಯ ರಜೆ ಕಳೆಯಿತು, ಸಂಕ್ರಾಂತಿ ಕಳೆಯಿತು, ಅವರು ಕದಲಲಿಲ್ಲ. ಇದ್ದ ರಸ್ತೆಗಳನ್ನೇ ಇನ್ನೊಮ್ಮೆ ಹೇಳಿದೆ, ಸ್ನಾನದ ಮನೆಗಳನ್ನು ಇನ್ನೊಮ್ಮೆ ಕಟ್ಟಿದೆ. ಆ ಗೋಡೆಯ ಬಗ್ಗೆ ನನ್ನಷ್ಟು ವಿವರವಾಗಿ ಪಾಠ ಮಾಡಿದವರು ಇಂಗ್ಲೆಂಡಿನಲ್ಲೂ ಇರಲಾರರು. ಆದರೂ ಪೀರಿಯಡ್ಡುಗಳು ಮಿಗುತ್ತಿದ್ದವು. ಅವನ್ನು ಸ್ಥಳೀಯ ಚರಿತ್ರೆಗೆ ತಿರುಗಿಸಿದೆ.

ಬ್ರಿಟನ್ನರು ಮಣ್ಣಿನ ಸಣ್ಣ ಕುಲುಮೆಯಲ್ಲಿ ಕಬ್ಬಿಣ ಕರಗಿಸುತ್ತಿದ್ದರು ಎಂದು ಪುಸ್ತಕದಲ್ಲಿ ಒಂದು ಸಾಲಿತ್ತು. ನಮ್ಮ ಸೀಮೆಯಲ್ಲೂ ಕಾರ್ಖಾನೆ ಬರುವ ಮುಂಚೆ ಹಾಗೆಯೇ ಮಾಡುತ್ತಿದ್ದರೆಂದು ಹೇಳಿದೆ. ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತಲ್ಲ, ಅದು ಈ ಕುಲುಮೆಗಳಿಂದಲೇ ಬಂತೇ ಎಂದು ಒಬ್ಬ ಕೇಳಿದ. ಇರಬಹುದು, ಇಲ್ಲದೆಯೂ ಇರಬಹುದು ಎಂದೆ. ಚರಿತ್ರೆಯ ಪರೀಕ್ಷೆಯಲ್ಲಿ ಇಂಥ ಉತ್ತರಕ್ಕೆ ಅಂಕ ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಮಣ್ಣಿನ ಕುಲುಮೆ ಕಟ್ಟಿ ನೋಡೋಣ ಎಂದರು.

ಸ್ಕೂಲಿನ ಹಿಂದೆ ಎದೆಯೆತ್ತರದ ಕುಲುಮೆ ಎದ್ದಿತು. ರೈಲು ಹಳಿಯ ಪಕ್ಕ ವ್ಯಾಗನ್ನಿನಿಂದ ಉದುರಿದ ಅದಿರನ್ನು ಹುಡುಗಿಯರು ಲಂಗದಲ್ಲಿ ಕಟ್ಟಿಕೊಂಡು ತಂದರು. ಒಬ್ಬ ಹುಡುಗ ತನ್ನ ಕಮ್ಮಾರ ಮಾವನ ಗಾಳಿಯೂದುವ ತಿದಿಯನ್ನು ಬೇಡಿ ತಂದ. ಮೊದಲನೆಯ ಸಲ ಕುಲುಮೆ ಮಧ್ಯಕ್ಕೆ ಸೀಳಿ, ಬೇಲಿಗೆ ಬೆಂಕಿ ಹತ್ತಿ, ಇಡೀ ನಾಲ್ಕನೇ ಫಾರಂ ನೀರು ಹೊತ್ತಿತು. ಹೆಡ್‌ಮಾಸ್ಟರು ಕಿಟಕಿಯಿಂದ ನೋಡಿ, ಇದು ರೋಮನ್ನರು ಹೋಗುವುದಕ್ಕೆ ಸಂಬಂಧಪಟ್ಟದ್ದೇ ಎಂದು ಕೇಳಿದರು. ಅಲ್ಲವೆಂದೆ. ಹಾಗಿದ್ದರೆ ಸರಿ ಎಂದರು.

ಎರಡನೆಯ ಸಲ ಬೆಂಕಿ ಹಾಕಿದಾಗ ಕಾರ್ಖಾನೆಯ ಪಾಳಿ ಬಿಟ್ಟ ಹೊತ್ತು. ಮಕ್ಕಳ ಅಪ್ಪಂದಿರು ಮನೆಗೆ ಹೋಗುವ ದಾರಿಯಲ್ಲಿ ಹೊಗೆ ನೋಡಿ ಬಂದರು. ಮೊದಲು ನಕ್ಕರು. ಆಮೇಲೆ ಒಬ್ಬರು ಗಾಳಿ ಸಾಲದು ಎಂದರು. ಇನ್ನೊಬ್ಬರು ಗಾಳಿ ಹೆಚ್ಚಾಯಿತು ಎಂದರು. ನಮ್ಮ ಮನೆಯ ಯಜಮಾನಿಯ ಗಂಡ ಮಣ್ಣೇ ಸರಿಯಿಲ್ಲವೆಂದು ತಮಿಳಿನಲ್ಲಿ ವಾದಿಸಿದರು. ಅವರಿಗೆ ತೆಲುಗಿನಲ್ಲಿ ಉತ್ತರ ಬಂತು. ದಿನವೆಲ್ಲ ಬೆಂಕಿಯ ಮುಂದೆ ಬೆಂದು ಬಂದವರು ಮತ್ತೆ ಬೆಂಕಿಯ ಮುಂದೆಯೇ ಕೂತು ಸರದಿಯ ಮೇಲೆ ತಿದಿ ಒತ್ತಿದರು. ಮನೆಗೆ ಕರೆಯಲು ಬಂದ ಹೆಂಗಸರೂ ಕೂತರು. ಕುಲುಮೆ ಒಡೆದಾಗ ಅದಿರಿನ ಕಸವಾದ ಕಿಟ್ಟದ ನಡುವೆ ಹಲಸಿನ ಬೀಜದಷ್ಟು ದೊಡ್ಡ ಕಪ್ಪು ಉಂಡೆ ಸಿಕ್ಕಿತು. ವಿಜ್ಞಾನದ ಮೇಷ್ಟ್ರು ಅಯಸ್ಕಾಂತ ತಂದು ಹಿಡಿದರು. ಟಕ್ಕೆಂದು ಅಂಟಿತು. ಆಗ ಎದ್ದ ಕೇಕೆಗೆ ಯಾವ ಭಾಷೆಯೂ ಇರಲಿಲ್ಲ. ಜೀವನವಿಡೀ ವ್ಯಾಗನ್ನುಗಟ್ಟಲೆ ಕಬ್ಬಿಣ ನೋಡಿದವರು ಆ ಬೀಜವನ್ನು ಕೈಯಿಂದ ಕೈಗೆ ದಾಟಿಸಿ ತೂಗಿ ತೂಗಿ ನೋಡಿದರು. ನಾನು ಅಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡೆ. ಹೊಗೆ ಇತ್ತು.

ವರ್ಷದ ಪರೀಕ್ಷೆಯ ಪ್ರಶ್ನೆಪತ್ರಿಕೆ ಬೇರೆ ಊರಿನಿಂದ ಬಂತು. ಮೊದಲನೆಯ ಪ್ರಶ್ನೆ: ರೋಮನ್ನರು ಬ್ರಿಟನ್ ಬಿಟ್ಟುಹೋಗಲು ಕಾರಣಗಳೇನು?

ಹೆಡ್‌ಮಾಸ್ಟರು ಪ್ರಶ್ನೆಪತ್ರಿಕೆ ಹಿಡಿದು ನನ್ನ ಹತ್ತಿರ ಬಂದರು. "ಇಡೀ ಕ್ಲಾಸು ಹೋಯ್ತಲ್ಲಮ್ಮ. ನನ್ನಿಂದ ಆಯ್ತು," ಎಂದರು. ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ಕಿಟಕಿಯಿಂದ ನೋಡಿದರೆ ಯಾರೂ ತಲೆ ಕೆರೆದುಕೊಳ್ಳುತ್ತಿರಲಿಲ್ಲ. ಎಲ್ಲರೂ ಬಗ್ಗಿ ಬರೆಯುತ್ತಿದ್ದರು.

ಉತ್ತರಗಳನ್ನು ನಾವಿಬ್ಬರೂ ಒಟ್ಟಿಗೆ ಕೂತು ಓದಿದೆವು. ಪಾಠ ಮಾಡದ ಪ್ರಶ್ನೆಗೆ ತರಗತಿಯ ಪ್ರತಿಯೊಬ್ಬರೂ ಉತ್ತರಿಸಿದ್ದರು. ಒಬ್ಬ ಹೀಗೆ ಬರೆದಿದ್ದ: 'ರೋಮನ್ನರ ಮನೆಯಲ್ಲಿಯೇ ಯುದ್ಧ ಜೋರಾಗಿತ್ತು. ಇಲ್ಲಿಯ ಜನಕ್ಕೂ ಸಾಕಾಗಿತ್ತು. ಅವರಿಗೂ ಇರಲು ಮನಸ್ಸಿರಲಿಲ್ಲ, ಆದರೆ ಹೋಗಲು ನಾಚಿಕೆ. ಕೊನೆಗೆ ಹೋದರು. ಹೋಗುವಾಗ ರಸ್ತೆಗಳನ್ನೂ ರೈಲನ್ನೂ ಬಿಟ್ಟುಹೋದರು.'

"ಯಾರು ಹೇಳಿಕೊಟ್ಟಿದ್ದು ಇವರಿಗೆ?" ಎಂದರು ಹೆಡ್‌ಮಾಸ್ಟರು.

"ಯಾರೂ ಇಲ್ಲ ಸಾರ್."

ಅವರು ಕೆಂಪು ಪೆನ್ಸಿಲಿನಿಂದ ರೈಲಿಗೆ ಮಾತ್ರ ಅರ್ಧ ಅಂಕ ಕಳೆದರು.

ಮುಂದಿನ ವರ್ಷ ಅವರು ನಿವೃತ್ತರಾದರು. ನನ್ನನ್ನು ಶಿವಮೊಗ್ಗಕ್ಕೆ ವಾಪಸು ಹಾಕಲು ಸಿದ್ಧವೆಂದು ಇಲಾಖೆ ತಿಳಿಸಿತು. ಅಪ್ಪಯ್ಯನೂ ಬಾ ಎಂದರು. ನಾನು ಹೋಗಲಿಲ್ಲ. ಇದ್ದುಬಿಡುವುದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ತರಗತಿಯಲ್ಲಿ ಆಗ ಶತ್ರುಗಳಿಂದ ತಪ್ಪಿಸಿಕೊಂಡು ದನಕಾಯುವವನ ಗುಡಿಸಲಲ್ಲಿ ಅಡಗಿದ್ದ ಇಂಗ್ಲೆಂಡಿನ ರಾಜನೊಬ್ಬನ ಪಾಠ ಅರ್ಧಕ್ಕೆ ಬಂದಿತ್ತು. ಗುಡಿಸಲಿನವಳು ಒಲೆಯ ಮೇಲಿನ ರೊಟ್ಟಿ ನೋಡಿಕೋ ಎಂದು ಅವನಿಗೆ ಹೇಳಿ ಹೋಗುತ್ತಾಳೆ. ಅವನು ಯುದ್ಧದ ಯೋಚನೆಯಲ್ಲಿ ರೊಟ್ಟಿ ಸೀಯಿಸಿ, ಅವಳಿಂದ ಬಾಯ್ತುಂಬ ಬೈಸಿಕೊಳ್ಳುತ್ತಾನೆ.

"ರೊಟ್ಟಿ ನೋಡ್ಕೊಳ್ಳೋಕೆ ಬರ್ದೋನು ರಾಜ್ಯ ಹೆಂಗೆ ನೋಡ್ಕೊಂಡ ಮಿಸ್?" ಎಂದು ಒಬ್ಬಳು ಕೇಳಿದಳು.

"ಬೈಸಿಕೊಂಡ ಮೇಲೆ ಚೆನ್ನಾಗಿ ನೋಡ್ಕೊಂಡ," ಎಂದೆ. ಅದು ಪುಸ್ತಕದಲ್ಲಿರಲಿಲ್ಲ. ಅವರು ಬರೆದುಕೊಂಡರು.